ಎಡಗೆನ್ನೆ

ಗ್ರಂಥಾಲಯದ ಬಾಗಿಲು ಜನರಿಗೆ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು. ಅವಳು ತನ್ನ ಮೂರನೆಯ ಚಿತ್ರದ ಚೌಕಟ್ಟನ್ನು ಎಡಕ್ಕೆ ಕೂದಲೆಳೆಯಷ್ಟು ಸರಿಸಿ, ಓದುವ ಮೇಜುಗಳ ತನಕ ಹಿಂದೆ ನಡೆದು ನೋಡಿ, ಮತ್ತೆ ಬಂದು ಬಲಕ್ಕೆ ಸರಿಸಿದಳು. ಚಿತ್ರ ಮೊದಲಿನಿಂದಲೂ ನೆಟ್ಟಗೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ಕೈಗೆ ಏನಾದರೊಂದು ಕೆಲಸವಿಲ್ಲದಿದ್ದರೆ ಕಣ್ಣು ಆಚೆ ಗೋಡೆಯ ಕಡೆ ಹೊರಳುತ್ತಿತ್ತು, ಅಲ್ಲಿ ಅಣ್ಣನ ಚಿತ್ರಗಳಿದ್ದವು. ನಿನ್ನೆ ಗೋಡೆಗಳನ್ನು ಹಂಚಿದವಳು ಅವಳೇ. ಒಂದು ತುದಿಗೆ ಆಳೆತ್ತರದ ಕಿಟಕಿಯಿದ್ದ ಉದ್ದನೆಯ ಬಿಳಿ ಗೋಡೆಯನ್ನು ತನಗಿಟ್ಟುಕೊಂಡು, ದಿನಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ ಟ್ಯೂಬ್‌ಲೈಟು ಆಗಾಗ ಕಣ್ಣು ಪಿಳುಕಿಸುವ ಮೂಲೆಯನ್ನು ಅವನಿಗೆ ಬಿಟ್ಟಿದ್ದಳು. "ನನ್ನವು ದೊಡ್ಡವು ಅಲ್ವಾ ಅಣ್ಣ, ಸ್ವಲ್ಪ ದೂರ ನಿಂತು ನೋಡೋಕೆ ಜಾಗ ಬೇಕು" ಎಂದು ಅವನು ಕೇಳದೆಯೇ ಕಾರಣವನ್ನೂ ಕೊಟ್ಟಿದ್ದಳು. ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆ ಮೂಲೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ್ದ. "ಭೇಷಾಯ್ತು ಬಿಡು. ಇಲ್ಲಿ ಪೇಪರ್ ಓದೋರು ಕೂತಿರ್ತಾರೆ. ನಿಂತು ನೋಡೋರಿಗಿಂತ ಕೂತು ನೋಡೋರಿಗೆ ವ್ಯವಧಾನ ಜಾಸ್ತಿ." ಮೊಳೆಗಳ ನಡುವಿನಿಂದ ನುಸುಳಿ ಬಂದ ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ಎಂದು ಅವಳು ಹಾಸಿಗೆಯಲ್ಲಿ ಹೊರಳಾಡಿದ್ದಳು. ಕೊಂಕಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಚಿತ್ರಕಲಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅಣ್ಣ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಇಬ್ಬರೂ ಮೇಷ್ಟರೇ ಎಂದು ಅತ್ತಿಗೆ ತಮಾಷೆ ಮಾಡುತ್ತಿದ್ದರು: ತಂಗಿಯ ಹತ್ತಿರ ಕಲಿತವರು ಗೋಡೆ ಹಾಳು ಮಾಡುತ್ತಾರೆ, ಅಣ್ಣನ ಹತ್ತಿರ ಕಲಿತವರು ಗೋಡೆಗೆ ಗುದ್ದುತ್ತಾರೆ. ಅವಳು ಬರೆಯುತ್ತಿದ್ದುದೂ ಗೋಡೆಗಳನ್ನೇ. ಮನುಷ್ಯರಿಲ್ಲದ, ಕಿಟಕಿಯಿಲ್ಲದ, ತೇವ ಏರಿ ಇಳಿದು ಬೂದು ಬಿದ್ದ ಗೋಡೆಗಳು. ತೆಳ್ಳಗೆ ಬಣ್ಣ ಹಚ್ಚಿ, ಒಣಗಿಸಿ, ಕೆರೆದು, ಮತ್ತೆ ಹಚ್ಚಿ, ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಣ್ಣ ಪೆನ್ಸಿಲ್ ಹಿಡಿದದ್ದು ನಲವತ್ತು ದಾಟಿದ ಮೇಲೆ, ಸಿಗರೇಟು ಬಿಟ್ಟಾಗ ಬೆರಳಿಗೆ ಏನಾದರೂ ಬೇಕಾಗಿ. ಒಬ್ಬರು ಇಳಿದುಹೋಗಿ ಇನ್ನೊಬ್ಬರು ಬರುವ ತನಕದ ಬಿಡುವಿನಲ್ಲಿ, ನೆತ್ತಿಯ ಮೇಲೆ ಎಲ್ ಬೋರ್ಡು ಹೊತ್ತ ಆ ಸಣ್ಣ ಕಾರಿನಲ್ಲಿ ಕೂತು, ಮೊಣಕಾಲಿನ ಮೇಲೆ ರಟ್ಟು ಇಟ್ಟುಕೊಂಡು, ಈಗಷ್ಟೇ ಎದ್ದುಹೋದವರ ಮುಖವನ್ನು ನೆನಪಿನಿಂದ ಬರೆಯುತ್ತಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದಗಳು. ಎಲ್ಲದರಲ್ಲೂ ಮುಖಗಳೇ, ಎಲ್ಲ ಮುಖಗಳೂ ಪಕ್ಕದಿಂದ ಕಂಡವು, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದವು, ಎಲ್ಲವೂ ಎಡಗೆನ್ನೆ. ಮೊದಲ ವರ್ಷದ ಹುಡುಗರು ಹೀಗೆಯೇ ತಪ್ಪಿಸಿಕೊಳ್ಳುತ್ತಾರೆ, ಎದುರುಮುಖದಲ್ಲಿ ಎರಡೂ ಕಣ್ಣು ಸಮ ಬರುವುದಿಲ್ಲವೆಂದು ಪಕ್ಕಕ್ಕೆ ತಿರುಗಿಸಿಬಿಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಅವನಿಗೆ ಹೇಳಿರಲಿಲ್ಲ. ಹೇಳದಿರುವುದನ್ನು ತನ್ನ ದೊಡ್ಡತನದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು.

ಗ್ರಂಥಪಾಲಕಿ ಫೋನು ಮಾಡಿದ ದಿನವೂ ಹಾಗೆಯೇ. "ನಿಮ್ಮ ಚಿತ್ರಗಳನ್ನ ನಮ್ಮಲ್ಲಿ ಒಂದು ವಾರ ಇಡಬೇಕು ಅಂತ ಆಸೆ ಮೇಡಂ. ನಿಮ್ಮ ಅಣ್ಣನವರದೂ ಜೊತೆಗಿದ್ರೆ ಇನ್ನೂ ಚೆನ್ನ" ಎಂದು ಆಕೆ ಅಂದಾಗ, ಇವಳು "ಅಣ್ಣನದಾ? ಇರಲಿ ಬಿಡಿ, ಪಾಪ" ಅಂದಿದ್ದಳು. ಆ ಪಾಪ ಎಂಬ ಮಾತು ಬಾಯಿಂದ ಬಿದ್ದಾಗ ಎಷ್ಟು ಸಹಜವಾಗಿತ್ತೆಂದರೆ ಅವಳು ಅದನ್ನು ಸಹೋದ್ಯೋಗಿಗಳ ಮುಂದೆಯೂ ಆಡಿದಳು. ಅವನಿಗೂ ಒಂದು ಖುಷಿ ಆಗಲಿ ಅಂತ, ಪಾಪ. ಈಗ ಈ ಖಾಲಿ ಕೋಣೆಯಲ್ಲಿ, ತಿರುಗುವ ಫ್ಯಾನಿನ ಕೆಳಗೆ, ಪತ್ರಿಕೆಗಳ ಅಂಚು ಪಟಪಟನೆ ಹೊಡೆದುಕೊಳ್ಳುವಾಗ, ಅವಳಿಗೆ ಆಗುತ್ತಿದ್ದದ್ದು ಹೆದರಿಕೆ. ಯಾರಾದರೂ ಆ ಮೂಲೆಗೆ ಹೋಗಿ ನಗುತ್ತಾರೆ. ಅಣ್ಣ ಅದನ್ನು ನೋಡುತ್ತಾನೆ. ಅಣ್ಣ ನೋಡುವುದನ್ನು ತಾನು ನೋಡಬೇಕಾಗುತ್ತದೆ. ಅದರ ಹಿಂದೆಯೇ, ಅದಕ್ಕಿಂತ ಸಣ್ಣದಾದ ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಅವಳು ಮುಖ ಕೊಟ್ಟು ನೋಡಲು ಒಪ್ಪಲಿಲ್ಲ: ಅವನ ಚಿತ್ರಗಳ ಪಕ್ಕದಲ್ಲಿ ತನ್ನವನ್ನೂ ಜನ ಬಿಡುವಿನ ಹೊತ್ತಿನ ಹವ್ಯಾಸ ಅಂದುಕೊಂಡುಬಿಟ್ಟರೆ?

ಮೊದಲು ಬಂದವರು ಅವಳ ಗುರುಗಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದು ಚಿತ್ರದ ಮುಂದೆಯೂ ಒಂದೇ ಅಳತೆಯ ಹೊತ್ತು ನಿಂತು ಸಾಗುವ ಅವರ ನಡಿಗೆಯನ್ನು ಅವಳು ವಿದ್ಯಾರ್ಥಿಯಾಗಿದ್ದಾಗಿನಿಂದ ಬಲ್ಲಳು. ಅವರ ಬೆನ್ನನ್ನು ಓದಲು ನೋಡಿದಳು. ಬೆನ್ನು ಏನೂ ಹೇಳಲಿಲ್ಲ. ಕೊನೆಯ ಚಿತ್ರ ಮುಗಿಸಿ ತಿರುಗಿ, "ಹೂಂ, ಬಣ್ಣದ ಮೇಲೆ ಹಿಡಿತ ಬಂದಿದೆ" ಎಂದರು. ಹಿಂದೆ ಎಂದೋ ಅವಳ ಮೊದಲ ಚಿತ್ರಕ್ಕೂ ಅವರು ಹಾಗೆಯೇ ಅಂದಿದ್ದರು. ಅಂದು ಅವಳು ಕುಣಿದುಕೊಂಡು ಮನೆಗೆ ಹೋಗಿದ್ದಳು. ಈಗ, ಹಾಗಾದರೆ ಇಷ್ಟು ವರ್ಷ ಹಿಡಿತ ಎಲ್ಲಿಗೆ ಹೋಗಿತ್ತು ಎಂದು ಕೇಳಬೇಕೆನಿಸಿ, "ನಿಮ್ಮ ಆಶೀರ್ವಾದ ಸಾರ್" ಎಂದಳು. ಗುರುಗಳ ಕಣ್ಣು ಅಷ್ಟರಲ್ಲಿ ಪತ್ರಿಕೆಗಳ ಮೂಲೆಗೆ ಹೋಗಿತ್ತು. "ಅದೇನು, ಲೈಸೆನ್ಸ್ ಆಫೀಸಿನವರೂ ಫೋಟೋ ತಗಲಿಹಾಕಿದಾರಾ? ಕ್ಯಾಮೆರಾ ಕಡೆ ನೋಡಿ ಅಂತ ಯಾರೂ ಹೇಳಲಿಲ್ವೇನೋ!"

ಅವಳು ನಕ್ಕಳು. ಗುರುಗಳು ತಮಾಷೆ ಮಾಡಿದರೆ ನಗುವುದು ಮೈಗೆ ಅಂಟಿದ ಅಭ್ಯಾಸ. ಆದರೆ ಗ್ರಂಥಾಲಯದ ಆ ಮೌನದಲ್ಲಿ ನಗು ತಟ್ಟೆ ಬಿದ್ದಂತೆ ಸದ್ದು ಮಾಡಿತು. ತಿರುಗಿದರೆ ಅಣ್ಣ, ಅತ್ತಿಗೆ ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟ ಅಂಗಿಯಲ್ಲಿ, ಗುರುಗಳಿಗೆಂದು ನೀರಿನ ಲೋಟ ಹಿಡಿದು ನಿಂತಿದ್ದ. ಅವನು ಲೋಟ ಮುಂದೆ ಮಾಡುತ್ತಾ, "ಹಾಗೆ ಹೇಳಿದ್ರೆ ಗಾಡಿ ಚರಂಡಿಗೆ ಬೀಳುತ್ತೆ ಸಾರ್" ಎಂದ. ಗುರುಗಳಿಗೆ ಅರ್ಥವಾಗಲಿಲ್ಲ. ಅವಳಿಗೂ ಆಗಲಿಲ್ಲ. ಅವರು ನೀರು ಕುಡಿದು, ಇನ್ನೊಂದು ಕಡೆ ಹೋಗಬೇಕಿದೆ ಎಂದು ಹೊರಟೇಬಿಟ್ಟರು. ಅವಳು ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು, ಹುಬ್ಬು, ತುಟಿಯ ಅಂಚು, ಎಲ್ಲಾದರೂ ಒಂದು ಗೀರು ಬಿದ್ದಿದೆಯೇ ಎಂದು. ಅವನು ಕೇಳಿದ್ದು ಒಂದೇ, "ಏನಂದ್ರು ನಿನ್ನ ಚಿತ್ರಕ್ಕೆ?" "ಚೆನ್ನಾಗಿದೆ ಅಂದ್ರು." "ಅನ್ನದೇ ಇರ್ತಾರಾ!" ಎಂದು ಲೋಟವನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಹೋದ.

ಬಿಸಿಲು ಕಿಟಕಿಯ ಅಂಚಿಗೆ ಬರುವ ಹೊತ್ತಿಗೆ ಜನ ಬರತೊಡಗಿದರು. ಚಿತ್ರ ನೋಡುವ ಜನ ಹೇಗಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಇವರು ಹಾಗಿರಲಿಲ್ಲ. ಕೆಲಸದ ಬಟ್ಟೆಯಲ್ಲಿದ್ದರು, ಕೈಯಲ್ಲಿ ತರಕಾರಿ ಚೀಲವಿತ್ತು. ಬಾಗಿಲಲ್ಲಿ ನಿಂತು, ‘ನಿಶ್ಶಬ್ದವಾಗಿರಿ’ ಎಂಬ ಫಲಕ ಓದಿ, ಕಳ್ಳರಂತೆ ಒಳಗೆ ಬಂದು, ಅವಳ ಬಿಳಿ ಗೋಡೆಯನ್ನು ದಾಟಿ ನೇರವಾಗಿ ಪತ್ರಿಕೆಗಳ ಮೂಲೆಗೆ ನಡೆದರು. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸೊಬ್ಬಳು ಮುಖಗಳ ಸಾಲಿನಲ್ಲಿ ಬೆರಳಾಡಿಸುತ್ತಾ ಹೋಗಿ ಒಂದರ ಮುಂದೆ ಗಕ್ಕನೆ ನಿಂತಳು. "ಅಯ್ಯೋ, ಇದು ನಾನು!" ಎಂದು ಕೂಗಿ, ಫಲಕ ನೆನಪಾಗಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಪಿಸುಗುಟ್ಟಿದಳು. "ತುಟಿ ಕಚ್ಕೊಂಡಿದ್ದೀನಿ ನೋಡಿ! ನಾನು ಹೀಗೆ ಕಚ್ಕೋತೀನಾ ಸಾರ್?"

"ಸೆಕೆಂಡ್‌ನಿಂದ ಥರ್ಡ್ ಗೇರಿಗೆ ಹೋಗುವಾಗ ಮಾತ್ರ" ಎಂದ ಅಣ್ಣ ಗಂಭೀರವಾಗಿ.

ಆಗ ಅವಳಿಗೆ ಹೊಳೆಯಿತು. ಎಷ್ಟು ಸರಳವಾದ ವಿಷಯ. ಕಲಿಯುವವರು ಬಲಗಡೆ ಸ್ಟೀರಿಂಗಿನ ಹಿಂದೆ. ಕಲಿಸುವವನು ಎಡಗಡೆ, ಕಾಲ ಕೆಳಗೆ ತನ್ನದೇ ಒಂದು ಬ್ರೇಕು ಇಟ್ಟುಕೊಂಡು. ಅವನಿಗೆ ಕಾಣುವುದು ಅಷ್ಟೇ. ಇಪ್ಪತ್ತು ವರ್ಷಕ್ಕೂ ಮೇಲೆ ಅವನು ಮನುಷ್ಯರ ಎಡಗೆನ್ನೆಯನ್ನು ನೋಡುತ್ತಾ ಬದುಕಿದ್ದ. ಅವನ ಮನೆಯಲ್ಲಿ ಉಂಡು, ಅವನ ಕಾರಿನಲ್ಲಿ ಓಡಾಡಿ, ಚಿತ್ರವೆಂದರೆ ಮೊದಲು ನಿಂತ ಜಾಗ ಎಂದು ಹುಡುಗರಿಗೆ ಪಾಠ ಒದರುವ ತನಗೆ, ಈ ಚಿತ್ರಗಳನ್ನು ಎಲ್ಲಿ ನಿಂತು ಬರೆದಿದ್ದು ಎಂದು ಒಮ್ಮೆಯೂ ಕೇಳಬೇಕೆನಿಸಿರಲಿಲ್ಲ.

ತಾನೂ ಆ ಬಲಗಡೆಯ ಸೀಟಿನಲ್ಲಿ ಒಂದು ವಾರ ಕೂತಿದ್ದಳು. ಶಾಲೆಯ ಕೆಲಸ ಸಿಕ್ಕ ಹೊಸದರಲ್ಲಿ, ಬಸ್ಸು ಬದಲಿಸಿ ಬದಲಿಸಿ ಸಾಕಾಗಿ, ಕಲಿಸು ಎಂದು ಅವಳೇ ಗಂಟುಬಿದ್ದಿದ್ದಳು. ಕ್ಲಚ್ಚು ಬಿಡುವಾಗಲೆಲ್ಲ ಕಾರು ಕೆಮ್ಮಿ ನಿಲ್ಲುತ್ತಿತ್ತು. ಐದು ರಸ್ತೆ ಕೂಡುವ ವೃತ್ತದ ನಟ್ಟನಡುವೆ ಅದು ನಿಂತೇಹೋದ ದಿನ, ಹಿಂದಿನಿಂದ ಹಾರ್ನುಗಳು ಒಂದರ ಮೇಲೊಂದು ಏರಿ, ಯಾರೋ ಕಿಟಕಿಯಿಂದ ತಲೆ ಹಾಕಿ ಏನೋ ಅಂದು, ಅಣ್ಣ ಮಾತ್ರ ಏನೂ ಅನ್ನದೆ ಸುಮ್ಮನೆ ಕೂತಿದ್ದ. ಆ ಸುಮ್ಮನಿರುವಿಕೆಯನ್ನು ಅವಳಿಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಇಳಿದು ವಾಹನಗಳ ನಡುವೆ ನಡೆದುಕೊಂಡು ಮನೆಗೆ ಹೋಗಿಬಿಟ್ಟಳು. ಆಮೇಲೆ ಯಾಕೆ ಕಲಿಯಲಿಲ್ಲ ಎಂದು ಕೇಳಿದವರಿಗೆಲ್ಲ, "ಅಣ್ಣನಿಗೆ ತಾಳ್ಮೆ ಇಲ್ಲಪ್ಪ, ಹೊರಗಿನೋರಿಗೆ ಹೇಗೆ ಕಲಿಸ್ತಾನೋ" ಎಂದು ಹೇಳಿಕೊಂಡು ಬಂದಿದ್ದಳು. ಆ ಮಾತು ಸುತ್ತಿ ಬಳಸಿ ಅವನ ಕಿವಿಗೂ ಬಿದ್ದಿರಬೇಕು. ತಾಳ್ಮೆಯೇ ಹೊಟ್ಟೆಪಾಡಾಗಿದ್ದವನು ಅದನ್ನು ಇಲ್ಲವೆಂದು ಹೇಳಿಸಿಕೊಂಡು ಸುಮ್ಮನಿದ್ದ. ಈಗ ನೋಡಿದರೆ ನರ್ಸು ಅವನ ಮುಂದೆ ನಿಂತು, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬಿದ್ದದ್ದನ್ನು ಪದಕ ಗೆದ್ದವಳಂತೆ ಪಕ್ಕದವರಿಗೆ ಹೇಳುತ್ತಿದ್ದಳು, "ಒಂದು ದಿನಾನೂ ದನಿ ಏರಿಸಲಿಲ್ಲ ಈ ಪುಣ್ಯಾತ್ಮ."

ಗೋಡೆಬಣ್ಣದ ಅಂಗಡಿಯವನು ಹೆಂಡತಿಯ ಜೊತೆ ಬಂದ. ಹೆಂಡತಿ ತನ್ನ ಮುಖವನ್ನು ಬೇಗ ಕಂಡುಹಿಡಿದು ಗಂಡನನ್ನು ಮೊಣಕೈಯಿಂದ ತಿವಿದಳು. ಅವನು ಬಗ್ಗಿ ನೋಡಿದ, ಕನ್ನಡಕ ಏರಿಸಿ ನೋಡಿದ, ಹೆಂಡತಿಯನ್ನು ಭುಜ ಹಿಡಿದು ಪಕ್ಕಕ್ಕೆ ತಿರುಗಿಸಿ ಚಿತ್ರವನ್ನೂ ಅವಳನ್ನೂ ಸರತಿಯಲ್ಲಿ ನೋಡಿದ. "ಇದು ನೀನೇನಾ? ಎಷ್ಟು ಗಟ್ಟಿಗಿತ್ತಿ ಥರ ಕಾಣ್ತೀಯಲ್ಲೇ."

"ದಿನಾ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆದ್ರೆ ಹೇಗೆ ಕಾಣುತ್ತೆ?"

ಸುತ್ತ ನಿಂತವರೆಲ್ಲ ನಗುವನ್ನು ಮೂಗಿನೊಳಗೇ ತಡೆಹಿಡಿದು ನಡುಗಿದರು. ಅಂಗಡಿಯವನು ನಗಲಿಲ್ಲ. ಅವನು ಇನ್ನೂ ನೋಡುತ್ತಿದ್ದ, ಹೆಂಡತಿಯನ್ನಲ್ಲ, ಚಿತ್ರವನ್ನು. ಆಮೇಲೆ ಅವಳಿಗೆ ಕಾಣದ ಹಾಗೆ ಹೆಂಡತಿಯನ್ನು. ತನ್ನ ಬಿಳಿ ಗೋಡೆಯ ಪಕ್ಕದಲ್ಲಿ ಒಬ್ಬಳೇ ನಿಂತಿದ್ದ ಅವಳಿಗೆ, ತಾನು ಈ ತನಕ ಬರೆದದ್ದರ ಮುಂದೆ ಯಾರೂ ಹೀಗೆ ನಿಂತಿಲ್ಲ ಎನಿಸಿತು. ಅಸೂಯೆ ಬರುತ್ತದೆ ಎಂದು ಕಾದಳು. ಬಂತು, ಬರಲಿಲ್ಲವೆಂದಲ್ಲ, ಆದರೆ ಬಂದದ್ದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ ನೆಂಟರಂತೆ ಒಳಗೆ ಬರಲು ಹಿಂಜರಿಯಿತು.

ಗ್ರಂಥಪಾಲಕಿ ಅವಳ ಪಕ್ಕಕ್ಕೆ ಬಂದು ನಿಂತಳು. ವರ್ಷಗಟ್ಟಲೆ ಪಿಸುದನಿಯಲ್ಲೇ ಮಾತಾಡಿ ಗಂಟಲು ಹಾಗೆಯೇ ಒಗ್ಗಿಹೋಗಿದ್ದ, ಕನ್ನಡಕವನ್ನು ಸರಪಣಿಯಲ್ಲಿ ಇಳಿಬಿಟ್ಟುಕೊಂಡ ಹೆಂಗಸು. "ಪತ್ರಿಕೆ ಓದೋಕೆ ಬರೋರು ಬಿಟ್ರೆ ಇಷ್ಟು ಜನ ನಾನಿಲ್ಲಿ ನೋಡೇ ಇಲ್ಲ ಮೇಡಂ" ಎಂದು ಸಂಭ್ರಮದಲ್ಲಿ ಶುರುಮಾಡಿದಳು. "ನಾನು ಸಾರ್ ಹತ್ರ ಡ್ರೈವಿಂಗ್ ಕಲಿಯೋಕೆ ಹೋದಾಗ ಇವೆಲ್ಲ ಹಿಂದಿನ ಸೀಟಲ್ಲಿ ಬಿದ್ದಿದ್ವು. ನಮ್ಮಲ್ಲಿ ಇಡೋಣ ಸಾರ್ ಅಂತ ಎಷ್ಟು ದುಂಬಾಲು ಬಿದ್ದೆ ಗೊತ್ತಾ? ಸುತರಾಂ ಒಪ್ಪಲಿಲ್ಲ. ಅವರದು ಒಂದೇ ಮಾತು: ನಮ್ಮನೇಲಿ ಚಿತ್ರ ಬರೆಯೋಳು ನನ್ನ ತಂಗಿ, ಅವಳದಿದ್ರೆ ಮಾತ್ರ ನಂದು, ಮೊದಲು ಅವಳನ್ನ ಕೇಳಿ, ಅವಳನ್ನೇ ಕರೆದ ಹಾಗಿರ್ಲಿ, ನಾನು ಹೇಳಿದ್ದು ಅಂತ ಮಾತ್ರ..." ಆಕೆಯ ಕೈ ಸರಕ್ಕನೆ ಬಾಯಿಗೆ ಹೋಯಿತು. "ಅಯ್ಯೋ. ಹೇಳಿಬಿಟ್ನಲ್ಲ."

"ಪರವಾಗಿಲ್ಲ, ನಂಗೆ ಗೊತ್ತಿತ್ತು" ಎಂದಳು ಅವಳು. ಮುಖ ಕಾದ ಹಂಚಿನಂತಾಗಿತ್ತು. ಪುಸ್ತಕವೊಂದು ಬೇಕಾಗಿದೆ ಎಂಬಂತೆ ಕಪಾಟುಗಳ ಕಡೆ ನಡೆದು, ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತು, ಯಾವುದೋ ದಪ್ಪ ಪುಸ್ತಕದ ಬೆನ್ನಿಗೆ ಹಣೆ ಆನಿಸಿದಳು. ಹಳೆಯ ಕಾಗದದ ವಾಸನೆ, ಅಂಟಿನ ವಾಸನೆ. ಇರಲಿ ಬಿಡಿ, ಪಾಪ. ಎಷ್ಟು ಮೃದುವಾಗಿ ಅಂದಿದ್ದಳು! ಆಕೆ ಫೋನಿನ ಆ ತುದಿಯಲ್ಲಿ ಏನೆಂದುಕೊಂಡಿರಬಹುದು? ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ತನ್ನನ್ನು ಮೇಲೆ ಕೂರಿಸಿ, ಕೂರಿಸಿದ್ದು ಗೊತ್ತಾಗದ ಹಾಗೆ ಏಣಿಯನ್ನು ಬೇರೆ ಹಿಡಿದುಕೊಂಡು ನಿಂತವನ ಮೇಲೆ ಸಿಟ್ಟು. ಯಾರು ಕೇಳಿದ್ದರು ಅವನನ್ನು? ಚಿಕ್ಕಂದಿನಲ್ಲಿ ಓಟದ ಆಟದಲ್ಲಿ ಬೇಕೆಂದೇ ಹಿಂದೆ ಬಿದ್ದು ತನ್ನನ್ನು ಗೆಲ್ಲಿಸುತ್ತಿದ್ದ, ತಾನು ಗೆದ್ದೆ ಎಂದು ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದಳು, ಅವನು ಹೌದೆಂದು ತಲೆಯಾಡಿಸುತ್ತಿದ್ದ. ಈಗಲೂ ಅದೇ. ಅವಳಿಗೆ ಅಳು ಬಂದಂತಾಗಿ, ಈ ವಯಸ್ಸಿನಲ್ಲಿ ಗ್ರಂಥಾಲಯದಲ್ಲಿ ಅಳುವವರನ್ನು ಏನೆನ್ನುತ್ತಾರೆ ಎಂದುಕೊಂಡು ನುಂಗಿದಳು.

ಕಪಾಟಿನ ಆಚೆಗೆ ಅವಳ ಚಿತ್ರಗಳಿದ್ದ ಗೋಡೆ. ಅಲ್ಲಿ ಯಾರೋ ಮಾತಾಡುತ್ತಿದ್ದರು. ಪುಸ್ತಕಗಳ ತಲೆಯ ಮೇಲಿನ ಸಂದಿಯಿಂದ ಬಣ್ಣದ ಅಂಗಡಿಯವನ ನೆತ್ತಿ ಕಂಡಿತು, ಅದರ ಪಕ್ಕದಲ್ಲಿ ಅಣ್ಣನ ಭುಜ.

"ಇದೇನ್ ಸಾರ್, ಬರೀ ಗೋಡೆ? ಇಂಥದನ್ನ ಮುಚ್ಚೋಕೆ ಅಂತಾನೇ ನಾನು ಡಬ್ಬ ಮಾರೋದು."

"ನಂಗೂ ಮೊದಮೊದಲು ಹಾಗೇ ಅನ್ನಿಸ್ತಿತ್ತು" ಎಂದ ಅಣ್ಣ. "ಎದುರಿಗೆ ನಿಂತ್ರೆ ಏನೂ ಕಾಣಲ್ಲ. ಇಲ್ಲಿ ಬನ್ನಿ. ಗೋಡೆಗೆ ಭುಜ ತಾಗಿಸಿ ನಿಂತ್ಕೊಳ್ಳಿ, ಹಾಂ, ಕಿಟಕಿ ಕಡೆ ಮುಖ ಮಾಡಿ. ಈಗ ಓರೆಯಾಗಿ ನೋಡಿ."

ನೆತ್ತಿ ಗೋಡೆಯ ಕಡೆ ವಾಲಿತು. ಆಮೇಲೆ ಅಂಗಡಿಯವನು ಮೆಲ್ಲಗೆ, "ಓಹೋಹೋ" ಎಂದ.

"ಕಂಡ್ತಾ? ಒಳಗೆ ಏನೇನು ಬಳಿದು ಮುಚ್ಚಿದಾಳೋ ಎಲ್ಲ ಎದ್ದು ಬರುತ್ತೆ. ಅಲ್ಲಿ ಒಂದು ಹಸಿರು ಇಣುಕುತ್ತಲ್ಲ, ಎಲೆಹಸಿರೂ ಅಲ್ಲ, ಗಿಳಿಹಸಿರೂ ಅಲ್ಲ. ಅದು ನಾವು ಹುಟ್ಟಿ ಬೆಳೆದ ಮನೆ ಅಡುಗೆಕೋಣೆ ಬಣ್ಣ. ಹೊಗೆ ಕುಡಿದು ಕುಡಿದು ಹಾಗಾಗಿತ್ತು. ಆ ಮನೆ ಬಿಟ್ಟಾಗ ಅವಳು ಇಷ್ಟುದ್ದ ಇದ್ಲು. ಅದು ಅಲ್ಲಿದೆ ಅಂತ ಅವಳಿಗೆ ಗೊತ್ತೋ ಇಲ್ವೋ, ನಾನು ಕೇಳೋಕೆ ಹೋಗಿಲ್ಲ. ಕೇಳಿದ್ರೆ ಎಲ್ಲಿ ಅಳಿಸಿಬಿಡ್ತಾಳೋ ಅಂತ ಹೆದರಿಕೆ."

"ಅಲ್ಲ ಸಾರ್, ಈ ಬಣ್ಣ ಬೆರೆಸೋಕೆ ನಂಗೆ ಬರಲ್ಲ ನೋಡಿ" ಎಂದ ಅಂಗಡಿಯವನು, ತನ್ನ ಕಸುಬಿನ ದನಿಯಲ್ಲಿ, ಗೌರವದಿಂದ.

ಅವರಿಬ್ಬರೂ ಆಚೆ ಹೋದ ಮೇಲೆ ಅವಳು ಕಪಾಟಿನ ಸಂದಿಯಿಂದ ಹೊರಬಂದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗೋಡೆಗೆ ಭುಜ ತಾಗಿಸಿ ನಿಂತಳು. ಕಿಟಕಿಯ ಬೆಳಕು ಚಿತ್ರದ ಮೈಮೇಲೆ ಅಡ್ಡಡ್ಡ ಹರಿದು ಬರುತ್ತಿತ್ತು. ತಾನೇ ಕೆರೆದ ಗೆರೆಗಳು, ತಾನೇ ಮರೆತ ಪದರಗಳು ಉಬ್ಬಿ ನಿಂತಿದ್ದವು, ಮತ್ತು ಅಲ್ಲಿ, ಬೂದಿನ ಅಡಿಯಲ್ಲಿ, ಆ ಹಸಿರು. ಅವಳಿಗೆ ಗೊತ್ತಿರಲಿಲ್ಲ. ಒಂದು ಬಣ್ಣ ಸಾಲದು ಎಂದು ಕೈ ತಾನಾಗಿ ಬೆರೆಸಿದ್ದು ಅದು. ಆ ಅಡುಗೆಕೋಣೆ ಅವಳ ನೆನಪಿನಲ್ಲಿ ಇರಲೇ ಇಲ್ಲ. ಆದರೂ ಈಗ ಒಲೆಯ ಎದುರಿನ ಆ ಗೋಡೆ, ಅದಕ್ಕೆ ಬೆನ್ನು ಹಚ್ಚಿ ಕೂತ ಅಮ್ಮ, ಗೋಡೆಯ ತಂಪು ತನ್ನ ಬೆನ್ನಿಗೂ ಹತ್ತುತ್ತಿದ್ದದ್ದು ಎಲ್ಲವೂ ಒಟ್ಟಿಗೆ ಬಂದು, ಚಿತ್ರದಿಂದ ಕಣ್ಣು ಕೀಳಲಾಗಲಿಲ್ಲ. ಇಷ್ಟೂ ಕಾಲ ಅವನು ಅವಳ ಮನೆಗೆ ಬಂದಾಗಲೆಲ್ಲ ಬಾಗಿಲ ಬಳಿ ಗೋಡೆಗೊರಗಿ ನಿಂತು, ಒಳಗೆ ಬಾರೋ ಎಂದರೂ ಬಾರದೆ, ಅದೇ ಗೋಡೆಗೆ ತೂಗುಹಾಕಿದ್ದ ಇದನ್ನು ಹೀಗೆ ಓರೆಯಾಗಿ ನೋಡುತ್ತಿದ್ದ. ಅವಳು ಅದನ್ನು ಸಂಕೋಚ ಎಂದುಕೊಂಡಿದ್ದಳು.

ಜನ ಕರಗಿದ ಮೇಲೆ ಅವಳು ಪತ್ರಿಕೆಗಳ ಮೂಲೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು. ನಿಜಕ್ಕೂ ಕೂತು ನೋಡಿದಳು, ಮೊದಲ ಸಲ. ಸಾಲು ಸಾಲು ಮುಖಗಳು, ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಬಸ್ಸಿನಲ್ಲಿ ಎಲ್ಲಿಗೋ ಹೊರಟವರಂತೆ. ಒಬ್ಬನ ಕಪಾಳದ ನರ ಕಟ್ಟಿದ ಹಗ್ಗದಂತಿತ್ತು. ಒಬ್ಬಳು ಕೂದಲನ್ನು ಕಿವಿಯ ಹಿಂದೆ ಎಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳೆಂದರೆ ಜೀವನದಲ್ಲಿ ಅವಳ ಕೈಗೆ ಸಿಕ್ಕಿ ಮಾತು ಕೇಳಿದ್ದು ಅದೊಂದೇ ಇರಬೇಕು. ಬೋಳುತಲೆಯ ಮುದುಕನೊಬ್ಬನ ಗಲ್ಲ, ಈಜು ಬಾರದವನು ನೀರಿನ ಮೇಲೆ ಹಿಡಿದಂತೆ, ಮುಂದಕ್ಕೆ ಚಾಚಿತ್ತು. ಕಿವಿಯ ಹಾಲೆಯನ್ನು ಅಣ್ಣ ಒಂದೇ ಗೆರೆಯಲ್ಲಿ ಬರೆದಿದ್ದ, ಪೆನ್ಸಿಲು ಎತ್ತದೆ, ತಿದ್ದದೆ. ಆ ಗೆರೆಯನ್ನು ಅವಳು ಯಾರಿಗೂ ಕಲಿಸಲಾರಳು, ಅವಳ ಕೈಗೂ ಬಾರದು. ಎಲ್ಲರೂ ಹೆದರಿದ್ದರು. ಯಾರನ್ನೂ ಅವನು ಹೆದರುಪುಕ್ಕಲರನ್ನಾಗಿ ಮಾಡಿರಲಿಲ್ಲ. ಮನುಷ್ಯ ಹೆದರಿಕೊಂಡೇ ಕಣ್ಣು ಮುಂದಿಟ್ಟಾಗ ಮುಖಕ್ಕೆ ಬರುವ ಒಂದು ಘನತೆ ಇದೆಯಲ್ಲ, ಕನ್ನಡಿಯಲ್ಲಿ ಯಾರಿಗೂ ತಮ್ಮದೇ ಆಗಿ ಕಾಣಸಿಗದ್ದು, ಅದನ್ನು ಅವನು ಪಕ್ಕದಲ್ಲಿ ಕೂತು, ಒಂದು ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡು, ಸುಮ್ಮನೆ ಎತ್ತಿಟ್ಟುಕೊಂಡಿದ್ದ.

ಇವನು ತನ್ನ ಅಣ್ಣ ಎಂದು ಅವಳು ಅಂದುಕೊಂಡಳು. ಅಂದುಕೊಂಡದ್ದರಲ್ಲಿ ಹೊಸತೇನೂ ಇರಲಿಲ್ಲ. ಹೇಳಿಕೊಳ್ಳಲು ಇಷ್ಟು ಹೆಮ್ಮೆಯಾದದ್ದು ಹೊಸತು.

ಆಮೇಲೆ ಅವಳು ತನ್ನನ್ನು ಹುಡುಕತೊಡಗಿದಳು. ಮೊದಲು ಕಣ್ಣಲ್ಲೇ, ಆಮೇಲೆ ಎದ್ದು ಒಂದೊಂದನ್ನೇ. ಗ್ರಂಥಪಾಲಕಿ ಇದ್ದಳು, ನರ್ಸು ಇದ್ದಳು, ಅತ್ತಿಗೆ ಕೂಡ ಒಂದರಲ್ಲಿದ್ದರು, ನಗು ತಡೆದುಕೊಂಡು. ಕೊನೆಯ ಸಾಲಿನ ಕೊನೆಯ ಚಿತ್ರದವರೆಗೂ ಹೋದಳು. ಅವಳಿರಲಿಲ್ಲ.

ಅಣ್ಣ ಕಿಟಕಿಯ ಹತ್ತಿರ ಕುರ್ಚಿಗಳನ್ನು ಸರಿಯಾಗಿ ಜೋಡಿಸುತ್ತಿದ್ದ. ಬಿಸಿಲು ಕೆಂಪಾಗುತ್ತಿತ್ತು. ಅವಳು ಅವನ ಹಿಂದೆ ಹೋಗಿ ನಿಂತಳು.

"ನಾನಿಲ್ವಲ್ಲ ಅಣ್ಣ ಅದರಲ್ಲಿ."

"ಹೂಂ." ಅವನು ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ. "ಬರೆಯೋಕೆ ನೋಡಿದೆ. ಬೇಕಾದಷ್ಟು ಸಲ ನೋಡಿದೆ. ಆಗ್ಲಿಲ್ಲ."

"ಯಾಕೆ? ನಾನು ಆ ವಾರ ಕಾರು ಓಡಿಸಿದ್ದು ನೆನಪಿಲ್ವಾ?"

"ನೆನಪಿಲ್ದೆ ಏನು ಗುಬ್ಬೀ." ಆ ಹೆಸರನ್ನು ಅವನು ಬಿಟ್ಟರೆ ಈಗ ಕರೆಯುವವರು ಯಾರೂ ಉಳಿದಿರಲಿಲ್ಲ. "ಆದ್ರೆ ನಿನ್ನ ಎಡಗೆನ್ನೆ ನಾನು ನೋಡೇ ಇಲ್ಲ. ನೀನು ರಸ್ತೆ ನೋಡಿದ್ರೆ ತಾನೆ? ಕೀ ತಿರುಗಿಸಿದಾಗಿಂದ ಇಳಿಯೋ ತನಕ ನನ್ನ ಮುಖಾನೇ ನೋಡ್ತಿದ್ದೆ, ಬೈತಾನೇನೋ, ಬೈತಾನೇನೋ ಅಂತ. ಎದುರಿಗಿರೋ ಮುಖ ಬರೆಯೋಕೆ ನಂಗೆ ಬರಲ್ಲ ಕಣೇ."

ಅವಳಿಗೆ ಅಮ್ಮನ ದನಿ ಕೇಳಿಸಿತು, ಊಟಕ್ಕೆ ಕೂತಾಗಿನ ಬೇಸರದ ದನಿ: ಅವನ ಮುಖ ಏನು ನೋಡ್ತೀಯೇ, ನಿನ್ನ ತಟ್ಟೆ ನೋಡಿಕೊಂಡು ತಿನ್ನು. ಬರೆದ ಚಿತ್ರವನ್ನು ಹಿಡಿದು ಓಡಿಬಂದು, ಚಿತ್ರವನ್ನು ಅವನ ಕಣ್ಣ ಮುಂದೆ ಹಿಡಿದು, ಚಿತ್ರ ಬಿಟ್ಟು ಅವನ ಮುಖ ನೋಡುತ್ತಿದ್ದದ್ದು. ಅವನ ಮುಖ ಆದ ಮೇಲೆ ಗುರುಗಳ ಮುಖ, ಗುರುಗಳ ಮುಖ ಆದ ಮೇಲೆ ಯಾರ್ಯಾರದೋ ಮುಖ. ಬೆಳಿಗ್ಗೆಯಿಂದ ಇಲ್ಲಿ ಮಾಡಿದ್ದೂ ಅದನ್ನೇ.

"ಬೈತಿದ್ದೆಯಾ ಆಗ?" ಎಂದು ಕೇಳಿದಳು.

"ಬ್ರೇಕು ನನ್ನ ಕಾಲಡೀಲಿತ್ತು. ನಾನ್ಯಾಕೆ ಬೈಲಿ?"

ಅವಳಿಗೆ ನಗು ಬಂತು. ನಗುವಿನ ಬಾಲಕ್ಕೆ ಇನ್ನೇನೋ ಅಂಟಿಕೊಂಡು ಬಂತು, ಅದನ್ನು ಸೆರಗಿನಲ್ಲಿ ಒರೆಸಿದಳು. ಆಮೇಲೆ ಒಂದು ಕುರ್ಚಿಯನ್ನು ಕಿಟಕಿಗೆ ಎದುರಾಗಿ ಎಳೆದು ಕೂತು, ತನ್ನ ಎಡಕ್ಕೆ ಇನ್ನೊಂದನ್ನು ಎಳೆದಿಟ್ಟಳು. "ಈಗ ಬರಿ."

"ಈಗಲಾ? ಬಾಗಿಲು ಹಾಕೋ ಹೊತ್ತು."

"ಬರಿ ಅಣ್ಣ."

ಅವನು ಜೇಬು ತಡಕಿ ಪೆನ್ಸಿಲು ತೆಗೆದ. ಗ್ರಂಥಪಾಲಕಿಯ ಮೇಜಿನಿಂದ ಹಾಳೆ, ರಟ್ಟು ತಂದ. ಎಡಗಡೆಯ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ ಒಂದು ಪಾದವನ್ನು ಮುಂದಕ್ಕೆ ಊರಿದ. "ಬೀದಿ ತುದಿ ನೋಡ್ತಾ ಇರು" ಎಂದ.

ಅವಳು ನೋಡಿದಳು. ಬೀದಿಯಲ್ಲಿ ಅಂಥದ್ದೇನೂ ಇರಲಿಲ್ಲ. ಒಬ್ಬಳು ಮಹಡಿಯ ಕಟಾಂಜನಕ್ಕೆ ಕಾಲೊರಸನ್ನು ಬಡಿದು ಧೂಳು ಕೊಡವುತ್ತಿದ್ದಳು. ಸೈಕಲ್ಲಿನ ಚೈನು ಬಿದ್ದವನೊಬ್ಬ ಬಗ್ಗಿ ಕೂತಿದ್ದ. ಅವುಗಳಾಚೆ ರಸ್ತೆ ಬಾಗಿ ಕಣ್ಮರೆಯಾಗುತ್ತಿತ್ತು. ಎಡಗಡೆಯಿಂದ ಪೆನ್ಸಿಲಿನ ಸದ್ದು ಕೇಳುತ್ತಿತ್ತು, ಅಕ್ಕಿಯಲ್ಲಿ ಇಲಿ ಓಡಾಡಿದಂತೆ. ನಿಂತಿತು, ಮತ್ತೆ ಹೊರಟಿತು. ನಿಂತಾಗಲೆಲ್ಲ ಕತ್ತು ತಾನಾಗಿ ಆ ಕಡೆ ಜಗ್ಗುತ್ತಿತ್ತು. ಯಾಕೆ ನಿಲ್ಲಿಸಿದ? ಸರಿ ಬರಲಿಲ್ಲವೇ? ಏನೆನ್ನುತ್ತಿದೆ ಅವನ ಮುಖ? ಒಂದೇ ಒಂದು ಸಲ ತಿರುಗಿದರೆ ಗೊತ್ತಾಗುತ್ತಿತ್ತು. ಅವಳು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕೆನ್ನೆಯ ಮೇಲೆ, ಎಡಗಡೆ, ಅವನ ನೋಟ ಒಂದು ಬೆಚ್ಚಗಿನ ಕೈಯಂತೆ ಕೂತಿತ್ತು.

ಹಿಂದಿನಿಂದ ಬೀಗದ ಕೈಗೊಂಚಲಿನ ಸದ್ದು ಬಂತು. ಗ್ರಂಥಪಾಲಕಿ ಹತ್ತಿರ ಬಂದು, ಪಿಸುದನಿಯಲ್ಲೇ, "ಇನ್ನೂ ಆಗ್ಲಿಲ್ವಾ ಸಾರ್?" ಎಂದಳು.

"ಸ್ವಲ್ಪ ತಡೀರಿ ಮೇಡಂ" ಎಂದ ಅಣ್ಣ. "ಈಗ ತಾನೇ ರಸ್ತೆ ನೋಡ್ತಾ ಇದ್ದಾಳೆ."